ಆರು ವರ್ಷ, ಹನ್ನೊಂದು ಊರು: ಊಟದ ಜಾಗ ಹುಡುಕಲು ನಕ್ಷೆ ಆ್ಯಪ್ ಎಷ್ಟು ಆಸರೆ?

ಕೆಲಸಕ್ಕೆಂದು ನೆದರ್ಲೆಂಡ್ಸಿಗೆ ಬಂದು ಆರು ವರ್ಷವಾಯಿತು. ರಜೆ ಸಿಕ್ಕಿದಾಗಲೆಲ್ಲ ನಾನು ಮತ್ತು ನನ್ನ ಪತಿ ಯಾವುದಾದರೂ ಊರಿಗೆ ಹೊರಟುಬಿಡುತ್ತೇವೆ. ನಾನು ಸಸ್ಯಾಹಾರಿ, ಮೊಟ್ಟೆ ಮಾತ್ರ ನಡೆಯುತ್ತದೆ. ಅವರು ಉಡುಪಿ ಕಡೆಯವರು, ಮೀನಿದ್ದರೇ ಊಟ. ಇಬ್ಬರಿಗೂ ಒಂದೇ ಮೇಜಿನಲ್ಲಿ ಆ ಊರಿನವರು ಉಣ್ಣುವ ಊಟವೇ ಸಿಗಬೇಕು ಎಂಬುದು ನಮ್ಮ ಆಸೆ. ಅದಕ್ಕೆ ಇಷ್ಟು ದಿನ ನೆಚ್ಚಿಕೊಂಡದ್ದು ಮೊಬೈಲಿನಲ್ಲಿರುವ ಒಂದು ನಕ್ಷೆ ಆ್ಯಪನ್ನು. ನನ್ನ ಅನುಭವದಲ್ಲಿ ಅದರ ನಕ್ಷತ್ರಗಳನ್ನು ನಂಬಬಾರದು, ಉಳಿದದ್ದನ್ನು ಬಹುಮಟ್ಟಿಗೆ ನಂಬಬಹುದು.

ನಕ್ಷತ್ರದ ಪಾಠ ಕಲಿತದ್ದು ರೋಮ್‌ನಲ್ಲಿ. ಟ್ರೆವಿ ಕಾರಂಜಿಯ ಹತ್ತಿರ 4.7 ನಕ್ಷತ್ರದ ಜಾಗವೊಂದನ್ನು ಆ್ಯಪ್ ತೋರಿಸಿತು. ಆರು ಭಾಷೆಯ ಮೆನು, ಪ್ರತಿ ತಿನಿಸಿಗೂ ಫೋಟೊ. ನಾನು ಕೇಳಿದ ಕಾಚೊ ಎ ಪೆಪೆ, ಅಂದರೆ ಚೀಸ್, ಕಾಳುಮೆಣಸಿನ ಪಾಸ್ತಾ, ಆರಿ ತಣ್ಣಗಾಗಿತ್ತು, ಚೀಸ್ ಗಂಟುಕಟ್ಟಿಕೊಂಡಿತ್ತು. ಬಿಲ್ ತಂದ ಹುಡುಗ, ತನ್ನೆದುರೇ ಐದು ನಕ್ಷತ್ರ ಒತ್ತಿದರೆ ಲಿಮೊಂಚೆಲ್ಲೊ ಎಂಬ ನಿಂಬೆಯ ಮದ್ಯ ಉಚಿತ ಎಂದ. ದಾಕ್ಷಿಣ್ಯಕ್ಕೆ ಒತ್ತಿಬಿಟ್ಟೆ. ಪಕ್ಕದ ಮೇಜಿನವರೂ ಒತ್ತಿದರು.

ಅಂದಿನಿಂದ ಹುಡುಕುವ ಪದವನ್ನೇ ಬದಲಿಸಿದೆ. ಇಂಗ್ಲಿಷಿನಲ್ಲಿ ‘ಒಳ್ಳೆಯ ರೆಸ್ಟೋರೆಂಟ್’ ಎಂದು ಹುಡುಕಿದರೆ ಪ್ರವಾಸಿಗರು ಮೆಚ್ಚಿದ್ದೇ ಮೊದಲು ಬರುತ್ತದೆ. ಸಾದಾ ಊಟದ ಹೋಟೆಲಿಗೆ ಊರಿನವರು ಬಳಸುವ ಪದವನ್ನು ಅವರ ಕಾಗುಣಿತದಲ್ಲೇ ಹಾಕಬೇಕು: ಲಿಸ್ಬನ್‌ನಲ್ಲಿ ತಾಸ್ಕಾ, ವಿಯೆನ್ನಾದಲ್ಲಿ ಬೈಸ್ಲ್, ರೋಮ್‌ನಲ್ಲಿ ತ್ರತ್ತೊರಿಯಾ. ಮ್ಯಾಡ್ರಿಡ್‌ನಲ್ಲಾದರೆ ‘ಮೆನು ದೆಲ್ ದಿಯಾ’. ಕೆಲಸದ ದಿನಗಳ ಮಧ್ಯಾಹ್ನ ಒಂದೇ ಬೆಲೆಗೆ ಎರಡು ಬಗೆ, ಬ್ರೆಡ್ಡು, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ. ನಮ್ಮ ಊಟದ ಹೋಟೆಲಿನ ಲೆಕ್ಕವೇ. ಆದರೆ ಸ್ಪೇನಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂರುವುದೇ ಎರಡು ಗಂಟೆಯ ಸುಮಾರಿಗೆ. ಹನ್ನೆರಡಕ್ಕೇ ಹಸಿವೆಂದು ಹೊರಟವರಿಗೆ ಸಿಗುವುದು ಹೆಚ್ಚಾಗಿ ಪ್ರವಾಸಿಗರ ಅಡುಗೆಮನೆ.

ಆ್ಯಪಿನಲ್ಲಿ ನಾನು ಮೊದಲು ನೋಡುವುದು ತೆರೆದಿರುವ ಸಮಯ. ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕಿ ಸಂಜೆ ಏಳಕ್ಕೆ ಮತ್ತೆ ತೆಗೆಯುವ, ಭಾನುವಾರ ಮುಚ್ಚುವ ಜಾಗ ಸಾಮಾನ್ಯವಾಗಿ ಊರಿನವರನ್ನೇ ನಂಬಿ ನಡೆಯುತ್ತಿರುತ್ತದೆ. ಆಮೇಲೆ ಗ್ರಾಹಕರು ಹಾಕಿದ ಫೋಟೊಗಳು. ಅಂದಿನ ತಾರೀಖು ಹಾಕಿದ ಕೈಬರಹದ ಮೆನು ಅಲ್ಲಿ ಕಂಡರೆ ನನಗೆ ಅರ್ಧ ಹೊಟ್ಟೆ ತುಂಬಿದಂತೆ. ಕೊನೆಗೆ ಹೊಸ ಅಭಿಪ್ರಾಯಗಳನ್ನು ಮೂಲ ಭಾಷೆಯಲ್ಲೇ ತೆರೆದು ನೋಡುತ್ತೇನೆ. ಅರ್ಥವಾಗದಿದ್ದರೂ ಮತ್ತೆ ಮತ್ತೆ ಬರುವ ತಿನಿಸಿನ ಹೆಸರು ಕಣ್ಣಿಗೆ ಬೀಳುತ್ತದೆ.

ಅನುವಾದವನ್ನೇ ನೆಚ್ಚಿಕೊಂಡಿದ್ದರೆ ಲಿಸ್ಬನ್ನಿನ ಒಳ್ಳೆಯ ಊಟ ತಪ್ಪಿಹೋಗುತ್ತಿತ್ತು. 28ನೇ ಟ್ರಾಮ್ ಕೊನೆಗೊಳ್ಳುವ ಕಾಂಪೊ ದೆ ಓರಿಕ್‌ನಲ್ಲಿ ಒಂದು ತಾಸ್ಕಾ. ಎಲ್ಲರೂ ಹೊಗಳಿದ್ದ ‘ಪೆಯ್ಶಿಞುಶ್ ದ ಓರ್ತ’ವನ್ನು ಆ್ಯಪ್ ‘ತೋಟದ ಪುಟ್ಟ ಮೀನುಗಳು’ ಎಂದು ಅನುವಾದಿಸಿತ್ತು. ನನಗಲ್ಲವೆಂದು ಬಿಟ್ಟಿದ್ದೆ. ಪಕ್ಕದ ಮೇಜಿಗೆ ಬಂದಾಗ ನೋಡಿದರೆ, ಹುರುಳಿಕಾಯಿಯನ್ನು ಇಡಿಯಾಗಿ ಹಿಟ್ಟಿನಲ್ಲಿ ಅದ್ದಿ ಕರಿದದ್ದು! ಆಕಾರ ಮೀನಿನಂತಿದೆಯೆಂದು ಆ ಹೆಸರು. ಗರಿಗರಿ ಬಜ್ಜಿ, ಒಳಗೆ ಇನ್ನೂ ಹಸಿರು ಬಣ್ಣ ಉಳಿಸಿಕೊಂಡ ಕಾಯಿ, ಜೊತೆಗೆ ಟೊಮೆಟೊ ಹಾಕಿದ ಅನ್ನ. ನನ್ನ ಪತಿ ಬಕಲ್ಯಾವ್ ಮೀನಿಗೆ ‘ಮೆಯ್ಯ ದೋಝ್’, ಅಂದರೆ ಅರ್ಧ ಪ್ಲೇಟ್ ಹೇಳಿದ್ದರು. ಅದೇ ಒಬ್ಬರಿಗೆ ಹೆಚ್ಚಾಯಿತು. ಕೂತ ಕೂಡಲೇ ಕೇಳದೆಯೇ ತಂದಿಡುವ ಬ್ರೆಡ್ಡು, ಆಲಿವ್ ಕಾಯಿ ಉಚಿತವಲ್ಲ. ಬೇಡವೆಂದರೆ ಹಿಂದಕ್ಕೆ ಒಯ್ಯುತ್ತಾರೆ. ಊಟ ಮುಗಿದ ಮೇಲೆ, ಬಡಿಸುತ್ತಿದ್ದ ಹಿರಿಯರು ಕಿವಿಯ ಸಂದಿಯಿಂದ ಪೆನ್ನು ತೆಗೆದು, ಮೇಜಿಗೆ ಹಾಸಿದ್ದ ಕಾಗದದ ಮೇಲೆಯೇ ಲೆಕ್ಕ ಬರೆದು ಕೂಡಿಸಿದರು. ಆ ತುಂಡನ್ನು ಹರಿದು ತಂದು ಇಟ್ಟುಕೊಂಡಿದ್ದೇನೆ.

ಕೊರತೆಗಳೂ ಇವೆ. ‘ಸಸ್ಯಾಹಾರ’ ಎಂಬ ಗುರುತು ನಮ್ಮ ಅರ್ಥದ ಸಸ್ಯಾಹಾರವಲ್ಲ. ಪೋರ್ಚುಗಲ್‌ನ ಕಾಲ್ದು ವೆರ್ದ್ ಆಲೂಗಡ್ಡೆ, ಸೊಪ್ಪಿನ ಸಾರು, ಸರಿ. ಆದರೆ ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ಸಾಸೇಜಿನ ತುಂಡು ತೇಲುತ್ತಿರುತ್ತದೆ. ನಾನು ರೋಮ್‌ನಲ್ಲಿ ತಿಂದ ಕಾಚೊ ಎ ಪೆಪೆಗೆ ಹಾಕುವ ಪೆಕೊರಿನೊ ರೊಮಾನೊ ಚೀಸ್‌ಗೆ ಹಾಲು ಒಡೆಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದು ತಿಳಿದದ್ದು ಬಹಳ ತಡವಾಗಿ, ಆ ದಿನ ನಿಜವಾಗಿ ನೊಂದುಕೊಂಡೆ. ಕಟ್ಟುನಿಟ್ಟಿನವರು ಆ್ಯಪ್ ಬಿಟ್ಟು ಬಾಯಿ ತೆರೆದು ಕೇಳಲೇಬೇಕು.

ಇನ್ನೊಂದು, ಆಗಸ್ಟ್. ರೋಮ್‌ನ ಹಳೆಯ ಕಸಾಯಿಖಾನೆಯ ಬಡಾವಣೆ ತೆಸ್ತಾಚ್ಚೊಗೆ, ಆ್ಯಪ್ ‘ತೆರೆದಿದೆ’ ಎಂದದ್ದನ್ನು ನಂಬಿ ಉರಿಬಿಸಿಲಿನಲ್ಲಿ ನಡೆದು ಹೋದರೆ, ಷಟರಿನ ಮೇಲೆ ‘ರಜೆಗಾಗಿ ಮುಚ್ಚಿದೆ’ ಎಂದು ಇಟಾಲಿಯನ್ನಿನಲ್ಲಿ ಬರೆದ ಕಾಗದ. ಪಕ್ಕದ ಎರಡು ಅಂಗಡಿಗಳ ಮೇಲೂ ಅದೇ. ಅಲ್ಲಿನ ಬೇಸಿಗೆ ರಜೆಯ ಹೊತ್ತಾದ ಆಗಸ್ಟ್ 15ರ ಆಸುಪಾಸಿನಲ್ಲಿ ಇಟಲಿಗೆ ಹೋಗುವವರು ಹೊರಡುವ ಮುನ್ನ ಒಂದು ಫೋನ್ ಮಾಡಿಕೊಳ್ಳಿ.

ಇಂಟರ್ನೆಟ್ ಇಲ್ಲದೆಯೂ ನಕ್ಷೆ ತೆರೆಯುತ್ತದೆ, ಮೆಚ್ಚಿದ ಜಾಗಗಳ ಪಟ್ಟಿ ಉಳಿಯುತ್ತದೆ. ಕಳೆದ ಬೇಸಿಗೆಯಲ್ಲಿ ಮೈಸೂರಿನಿಂದ ಬಂದ ಅಕ್ಕ, ಭಾವ ನನ್ನ ಪಟ್ಟಿ ಹಿಡಿದುಕೊಂಡೇ ವಿಯೆನ್ನಾ ಸುತ್ತಿ ಬಂದರು. ನನ್ನ ಅಂಕ ಐದಕ್ಕೆ ಮೂರೂವರೆ.

ಟ್ರೆವಿಯ ಆ ಜಾಗಕ್ಕೆ ಒತ್ತಿದ್ದ ಐದು ನಕ್ಷತ್ರವನ್ನು ಮೊನ್ನೆ ಎರಡಕ್ಕೆ ಇಳಿಸಿ, ಲಿಮೊಂಚೆಲ್ಲೊ ಸಂಗತಿಯನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಿದ್ದೇನೆ.