ಹದಿನೈದು ತಲೆಬರಹಗಳ ಜಾಹೀರಾತು: ಗೂಗಲ್ ಆ್ಯಡ್ಸ್ ಬಗ್ಗೆ ಒಬ್ಬ ಕ್ಯಾಮೆರಾ ರಿಪೇರಿಯವನ ಅಭಿಪ್ರಾಯ

ಹಳೆಯ ಫಿಲ್ಮ್ ಕ್ಯಾಮೆರಾಗಳನ್ನು ಬಿಚ್ಚಿ, ಒರೆಸಿ, ಸರಿ ಮಾಡಿಕೊಡುವುದು ನನ್ನ ಕೆಲಸ. ಗಿರಾಕಿಗಳು ಹೆಚ್ಚಾಗಿ ಸಿಗುವುದು ಗೂಗಲ್ ಹುಡುಕಾಟದಿಂದ. ಕ್ಯಾಮೆರಾ ಕೊರಿಯರ್‌ನಲ್ಲಿ ಬರುತ್ತದೆ, ಕೊರಿಯರ್‌ನಲ್ಲೇ ಹೋಗುತ್ತದೆ, ಮುಖ ನೋಡುವ ಪ್ರಶ್ನೆಯೇ ಇಲ್ಲ. ಹಾಗಾಗಿ ಹುಡುಕಾಟದ ಫಲಿತಾಂಶಗಳ ಜೊತೆ ಕಾಣುವ ರೆಸ್ಪಾನ್ಸಿವ್ ಸರ್ಚ್ ಜಾಹೀರಾತು ನನ್ನ ಹೊಟ್ಟೆಪಾಡಿಗೆ ಸೇರಿದ ವಿಷಯ. ಅದನ್ನು ಹಾಕಲು ಬಳಸುವ ಗೂಗಲ್ ಆ್ಯಡ್ಸ್ ಎಂಬ ಸಾಧನ ಒಳ್ಳೆಯದು. ಆದರೆ ಅದು ಪರದೆಯ ಮೇಲೆ ತೋರಿಸುವ ಅಂಕಗಳಲ್ಲಿ ಅರ್ಧವನ್ನು ನಾನು ತಲೆಗೆ ಹಾಕಿಕೊಳ್ಳುವುದಿಲ್ಲ.

ಬರೆದದ್ದು ಬರೆದ ಹಾಗೇ ಕಾಣುತ್ತಿದ್ದ ಹಳೆಯ ಬಗೆಯ ಪಠ್ಯ ಜಾಹೀರಾತನ್ನು 2022ರ ಜೂನ್ 30ರ ನಂತರ ಹೊಸದಾಗಿ ಮಾಡಲು ಬರುವುದಿಲ್ಲ. ಈಗ ನಾವು ಹದಿನೈದು ತಲೆಬರಹ, ನಾಲ್ಕು ವಿವರಣೆಗಳವರೆಗೆ ಕೊಡಬಹುದು. ತಲೆಬರಹಕ್ಕೆ 30 ಅಕ್ಷರ, ವಿವರಣೆಗೆ 90, ಖಾಲಿ ಜಾಗವೂ ಲೆಕ್ಕಕ್ಕೆ. ಯಾರು ಏನು ಹುಡುಕಿದರು ಎಂಬುದನ್ನು ನೋಡಿ ಅದರಲ್ಲಿ ಹೆಚ್ಚೆಂದರೆ ಮೂರು ತಲೆಬರಹ, ಎರಡು ವಿವರಣೆಗಳನ್ನು ಯಂತ್ರವೇ ಆರಿಸಿ ಜೋಡಿಸುತ್ತದೆ. ಅಂದರೆ ಯಾವ ಸಾಲು ಯಾವುದರ ಪಕ್ಕ ಬಂದರೂ ಅರ್ಥ ಕೆಡಬಾರದು. ಒಂದು ವಾಕ್ಯವನ್ನು ಎರಡು ತಲೆಬರಹಗಳಿಗೆ ಹಂಚಿ ಬರೆದರೆ ಉತ್ತರಾರ್ಧ ಮೊದಲು ಬಂದು ಕೂರಬಹುದು.

ಹದಿನೈದನ್ನೂ ತುಂಬಿಸಿ ಎಂದು ಪರದೆ ಒತ್ತಾಯಿಸುತ್ತದೆ. ಏಳೆಂಟು ಸುಲಭವಾಗಿ ಬರುತ್ತವೆ, ಆಮೇಲೆ ಕೈ ತಾನಾಗಿ ‘ಉತ್ತಮ ಗುಣಮಟ್ಟ’, ‘ನಂಬಿಕಸ್ಥ ಸೇವೆ’ ಎಂದು ಬರೆಯತೊಡಗುತ್ತದೆ. ಇವನ್ನು ನಾನು ಅಳಿಸಿಬಿಟ್ಟೆ. ಅಜ್ಜನ ಪೆಟ್ಟಿಗೆಯಿಂದ ಕ್ಯಾಮೆರಾ ತೆಗೆದು ಬೆಳಕಿಗೆ ಹಿಡಿದು ನೋಡಿದವನು ಗುಣಮಟ್ಟ ಹುಡುಕುತ್ತಿರುವುದಿಲ್ಲ. ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬಿರುವುದು ಏನು ಎಂದು ಅವನಿಗೆ ಗೊತ್ತಾಗಬೇಕಾಗಿರುತ್ತದೆ. ಅವನಿಗೆ ‘ಲೆನ್ಸಿನಲ್ಲಿ ಬೂಷ್ಟು?’ ಎಂಬ ಸಾಲು ಕಂಡರೆ ಸಾಕು, ಬೆರಳು ಅಲ್ಲಿಗೇ ಹೋಗುತ್ತದೆ. ‘ಶಟರ್ ಅಂಟಿಕೊಂಡಿದೆಯೇ?’, ‘ಫೋಟೊದಲ್ಲಿ ಬೆಳಕಿನ ಗೆರೆಯೇ?’ ಇವೂ ಹಾಗೆಯೇ. ಕೊನೆಯದು ಬಾಗಿಲಿನ ಅಂಚಿನ ಫೋಮ್ ಪುಡಿಯಾಗಿ ಬೆಳಕು ಒಳಗೆ ಸೋರುವವರಿಗೆ. ಈ ಸಾಲುಗಳು ನನ್ನ ತಲೆಯಿಂದ ಬಂದವಲ್ಲ, ಗಿರಾಕಿಗಳು ಕ್ಯಾಮೆರಾ ಜೊತೆ ಇಟ್ಟು ಕಳಿಸುವ ಚೀಟಿಗಳಿಂದ ಬಂದವು.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ತಲೆಬರಹ ‘ಫಿಲ್ಮ್ ಕ್ಯಾಮೆರಾ ಮಾತ್ರ’. ಇದು ಜನರನ್ನು ಕರೆಯುವ ಸಾಲಲ್ಲ, ವಾಪಸ್ ಕಳಿಸುವ ಸಾಲು. ಇದನ್ನು ಮೊದಲ ಸ್ಥಾನಕ್ಕೆ ಪಿನ್ ಮಾಡಿದ್ದೇನೆ, ಯಂತ್ರ ಅದನ್ನು ಅಲ್ಲಿಂದ ಕದಲಿಸುವಂತಿಲ್ಲ. ಹೀಗೆ ಪಿನ್ ಮಾಡಿದರೆ ‘ಆ್ಯಡ್ ಸ್ಟ್ರೆಂತ್’ ಎಂಬ, ನಮ್ಮ ಸಾಲುಗಳಿಗೆ ದರ್ಜೆ ಕೊಡುವ ಮಾಪಕಕ್ಕೆ ಬೇಸರ, ‘ಎಕ್ಸಲೆಂಟ್’‌ನಿಂದ ಕೆಳಗಿಳಿಯಬಹುದು. ಇಳಿಯಲಿ. ಯಾರ ಜಾಹೀರಾತು ಕಾಣಬೇಕೆಂದು ನಡೆಯುವ ಹರಾಜಿನಲ್ಲಿ ಗೆಲ್ಲುವುದನ್ನು ಆ ಮಾಪಕ ನೇರವಾಗಿ ನಿರ್ಧರಿಸುವುದಿಲ್ಲ ಎಂದು ಗೂಗಲ್‌ನ ಸಹಾಯ ಪುಟವೇ ಹೇಳುತ್ತದೆ. ಒಂದರಿಂದ ಹತ್ತರವರೆಗಿನ ‘ಕ್ವಾಲಿಟಿ ಸ್ಕೋರ್’ ಕೂಡ ರೋಗ ಪತ್ತೆಗೆ, ಅಂದರೆ ಕೊರತೆ ಎಲ್ಲಿದೆ ಎಂದು ತಿಳಿಯಲು ಮಾತ್ರ. ಆದರೆ ಅದರ ಕೆಳಗಿನ ಮೂರು ವಿವರಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆ: ಕ್ಲಿಕ್ ಬರುವ ನಿರೀಕ್ಷೆ, ಹುಡುಕಿದ್ದಕ್ಕೂ ಜಾಹೀರಾತಿಗೂ ಇರುವ ಹೊಂದಿಕೆ, ಕ್ಲಿಕ್ ಮಾಡಿದ ಮೇಲೆ ತೆರೆಯುವ ಪುಟದ ಅನುಭವ.

ಇನ್ನು ಕ್ಲಿಕ್‌ನ ಪ್ರಮಾಣ, ಎಲ್ಲರೂ ಬೆನ್ನು ಹತ್ತುವ ಸಿಟಿಆರ್: ಜಾಹೀರಾತು ನೂರು ಸಲ ಕಂಡರೆ ಎಷ್ಟು ಕ್ಲಿಕ್ ಬಂತು ಎಂಬುದು. ಅದನ್ನು ಏರಿಸಲು ಒಂದಕ್ಷರ ಬದಲಿಸದೆಯೂ ದಾರಿ ಇದೆ. ‘ಕ್ಯಾಮೆರಾ ರಿಪೇರಿ’ ಎಂಬ ಕೀವರ್ಡನ್ನು (ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ನಾವು ಕೊಡುವ ಪದ) ಸಂಬಂಧವಿದೆ ಎನಿಸಿದ ಹುಡುಕಾಟಗಳಿಗೆಲ್ಲ ಹೊಂದಿಸುವ ಬ್ರಾಡ್ ಮ್ಯಾಚ್‌ನಲ್ಲಿ ಬಿಟ್ಟರೆ ಮೊಬೈಲ್ ಕ್ಯಾಮೆರಾ ಒಡೆದವರು, ಸಿಸಿಟಿವಿ ಕೆಟ್ಟವರು, ರಿಪೇರಿ ಕಲಿಯಬೇಕೆನ್ನುವವರು ಎಲ್ಲರಿಗೂ ನನ್ನ ಜಾಹೀರಾತು ಕಾಣಬಹುದು. ಜನ ನಿಜಕ್ಕೂ ಏನು ಹುಡುಕಿದರು ಎಂದು ತೋರಿಸುವ ಸರ್ಚ್ ಟರ್ಮ್ಸ್ ವರದಿ ತೆರೆದು ‘ಮೊಬೈಲ್’, ‘ಸಿಸಿಟಿವಿ’, ‘ಕೋರ್ಸ್’, ‘ಲ್ಯಾಪ್‌ಟಾಪ್’ ಇವನ್ನೆಲ್ಲ ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಜಾಹೀರಾತು ಕಾಣಬಾರದ ಪದಗಳ ಪಟ್ಟಿಗೆ ಸೇರಿಸಬೇಕು. ಲೆಕ್ಕ ನೋಡಿ. ಸಾವಿರ ಸಲ ಕಂಡ ಜಾಹೀರಾತಿಗೆ 20 ಕ್ಲಿಕ್ ಬಂದರೆ ಶೇ. 2. ಅದರಲ್ಲಿ 400 ಸಲ ಕಂಡದ್ದು ಸಂಬಂಧವಿಲ್ಲದವರಿಗೆ, ಅವರಿಂದ ಬಂದದ್ದು ಎರಡೇ ಕ್ಲಿಕ್ ಎಂದಿಟ್ಟುಕೊಳ್ಳಿ. ಅವರನ್ನು ತೆಗೆದರೆ 600ಕ್ಕೆ 18, ಅಂದರೆ ಶೇ. 3. ಕ್ಲಿಕ್ ಕಡಿಮೆಯಾಯಿತು, ಪ್ರಮಾಣ ಏರಿತು, ದುಡ್ಡೂ ಉಳಿಯಿತು. ಈ ಪಟ್ಟಿ ಮಾಡುವುದು ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಇಡೀ ಸಾಧನದಲ್ಲಿ ನನಗೆ ಅತಿ ಇಷ್ಟವಾದ ಪುಟ ಆ ವರದಿಯೇ, ಜನ ಹುಡುಕುವ ಮಾತು ಅಲ್ಲಿ ಹಸಿಹಸಿಯಾಗಿ ಸಿಗುತ್ತದೆ. ಒಂದು ತಕರಾರಿದೆ. ಹೆಚ್ಚು ಜನ ಹುಡುಕದ ಪದಗಳನ್ನು 2020ರಿಂದ ಆ ವರದಿ ತೋರಿಸುವುದಿಲ್ಲ. ನನ್ನಂಥ ಸಣ್ಣ ಕಸುಬಿನವನಿಗೆ ಬೇಕಾದದ್ದೇ ಆ ಅಪರೂಪದ ಪದಗಳು.

ಸಣ್ಣ ಲೆಕ್ಕದ ಇನ್ನೊಂದು ಕಷ್ಟವೂ ಇದೆ. ಎರಡು ಜಾಹೀರಾತು ತಲಾ 200 ಸಲ ಕಂಡು ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಆರು ಕ್ಲಿಕ್ ಬಂದರೆ ಪರದೆಯಲ್ಲಿ ಶೇ. 2 ಮತ್ತು ಶೇ. 3 ಎಂದು ಕಾಣುತ್ತದೆ. ಎರಡನೆಯದು ಒಂದೂವರೆ ಪಟ್ಟು ಮೇಲು ಎಂದು ಹಿಗ್ಗಬೇಡಿ. ಇಬ್ಬರ ಬೆರಳು ಆಚೀಚೆಯಾದರೆ ಫಲಿತಾಂಶವೇ ಅದಲುಬದಲು.

ಕ್ಲಿಕ್ ಏರಿಸಿಕೊಡುತ್ತೇನೆಂದು ಒಂದು ಏಜೆನ್ಸಿಯವರೂ ಬಂದಿದ್ದರು. ಹೆಸರು ಬೇಡ. ಅವರು ಬರೆದದ್ದು ‘ಕ್ಯಾಮೆರಾದ ಈ ಗುಟ್ಟು ಗೊತ್ತೇ?’. ಜೊತೆಗೆ ಸರ್ಚ್ ಪ್ರಚಾರದೊಳಗೇ ಡಿಸ್‌ಪ್ಲೇ ನೆಟ್‌ವರ್ಕ್ ಎಂಬ ಟಿಕ್ ಗುರುತು ಹಾಕಿದರು. ಅದರಿಂದ ಬೇರೆಯವರ ಜಾಲತಾಣ, ಆ್ಯಪ್‌ಗಳಲ್ಲೂ ಜಾಹೀರಾತು ಕಾಣತೊಡಗುತ್ತದೆ. ಕ್ಲಿಕ್ ಬಂತು, ಧಂಡಿಯಾಗಿ ಬಂತು. ಪುಟ ತೆರೆದವರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಂಡು ಹೋದರು, ಬೂಷ್ಟು ಹಿಡಿದ ಲೆನ್ಸ್ ಒಂದೂ ಬರಲಿಲ್ಲ. ಗುಟ್ಟೇನೆಂದು ನನಗೂ ಅವರು ಹೇಳಲಿಲ್ಲ.

ಕುತೂಹಲಕ್ಕೆ ಕ್ಲಿಕ್ ಮಾಡುತ್ತಿದ್ದ ಕಾಲ ಒಂದಿತ್ತು ನಿಜ. 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ತಾಣದಲ್ಲಿ ಎಟಿ ಅಂಡ್ ಟಿ ಎಂಬ ದೂರವಾಣಿ ಕಂಪನಿಯ ಬ್ಯಾನರ್, ಅಂದರೆ ಪಟ್ಟಿಯಾಕಾರದ ಚಿತ್ರ ಜಾಹೀರಾತು, ಬಂದಾಗ ನೋಡಿದವರಲ್ಲಿ ಸುಮಾರು ಶೇ. 44 ಮಂದಿ ಒತ್ತಿದರು ಎನ್ನುತ್ತಾರೆ. ಆಗ ಬ್ಯಾನರ್ ಎಂಬುದೇ ಹೊಸದು. 1998ರ ಹೊತ್ತಿಗಾಗಲೇ ಸಂಶೋಧಕರು ಬ್ಯಾನರ್ ಕುರುಡಿನ ಬಗ್ಗೆ ಬರೆಯುತ್ತಿದ್ದರು: ಎದ್ದು ಕಾಣಲೆಂದು ಮಾಡಿದ್ದನ್ನೇ ಜನ ನೋಡದೆ ದಾಟಿಬಿಡುತ್ತಾರೆ.

ಸಣ್ಣ ವ್ಯಾಪಾರದವರಿಗೆ ಈ ಸಾಧನವನ್ನು ಶಿಫಾರಸು ಮಾಡುತ್ತೇನೆ, ಆದರೆ ಕನ್ವರ್ಶನ್ ಟ್ರ್ಯಾಕಿಂಗ್ ಕೂರಿಸಿದ ಮೇಲೆ. ನನ್ನಲ್ಲಿ ‘ಕ್ಯಾಮೆರಾ ವಿವರ ಕಳಿಸಿ’ ಎಂಬ ಫಾರ್ಮ್ ತುಂಬಿದರೆ ಅದು ಕನ್ವರ್ಶನ್. ಅದಿಲ್ಲದೆ ‘ಮ್ಯಾಕ್ಸಿಮೈಜ್ ಕ್ಲಿಕ್ಸ್’ ಆರಿಸಿದರೆ ಯಂತ್ರ ನಾವು ಹೇಳಿದ ಮಾತು ಕೇಳಿ ಬಜೆಟ್ಟಿನೊಳಗೆ ಎಷ್ಟು ಕ್ಲಿಕ್ ಸಿಗುತ್ತದೋ ಅಷ್ಟನ್ನೂ ತರಲು ನೋಡುತ್ತದೆ, ಯಾರದ್ದು ಎಂದು ಕೇಳುವುದಿಲ್ಲ. ಸೈಟ್‌ಲಿಂಕ್‌ಗಳನ್ನೂ, ಅಂದರೆ ಜಾಹೀರಾತಿನ ಜೊತೆ ನಮ್ಮ ಬೇರೆ ಪುಟಗಳಿಗೆ ಕೊಡುವ ಕೊಂಡಿಗಳನ್ನೂ, ಬಿಡಬೇಡಿ. ‘ಪ್ಯಾಕ್ ಮಾಡುವ ಬಗೆ’ ಎಂಬ ನನ್ನ ಸೈಟ್‌ಲಿಂಕ್ ಒತ್ತುವವರು ಹೆಚ್ಚುಕಡಿಮೆ ಡಬ್ಬ, ಟೇಪು ಹುಡುಕಿಟ್ಟುಕೊಂಡೇ ಬಂದಿರುತ್ತಾರೆ.

ಐದಕ್ಕೆ ಮೂರೂವರೆ. ಸರ್ಚ್ ಟರ್ಮ್ಸ್ ವರದಿಯನ್ನು ಪೂರ್ತಿ ತೋರಿಸಿದ ದಿನ ಇನ್ನರ್ಧ ಸೇರಿಸುತ್ತೇನೆ.