ಕೈಯಲ್ಲಿ ಲೇಥ್ ಇದೆ ಅಂತ ಬಂದೂಕು ಮಾಡಲು ಹೋಗಬೇಡಿ

ನಾನು ಯಾದಗಿರಿ ಜಿಲ್ಲೆಯವನು. ಐಟಿಐನಲ್ಲಿ ಟರ್ನರ್ ಕಲಿತು 14 ವರ್ಷ ಕಬ್ಬಿಣ ಕಡೆಯುವ ಸ್ವಂತ ಲೇಥ್ ನಡೆಸಿದೆ. ಆ ಮಷೀನು ಈಗ ಪೊಲೀಸರ ವಶದಲ್ಲಿದೆ. ನನ್ನ ಮೇಲಿನ ಕೇಸು ಕೋರ್ಟಿನಲ್ಲಿದೆ. ಮಾಡಿದ್ದು ನಾನೇ, ಅದನ್ನು ಎಲ್ಲಿಯೂ ಅಲ್ಲಗಳೆದಿಲ್ಲ. ನನ್ನಂತೆ ಕೈಕೆಲಸ ಬಲ್ಲವರು ಇದನ್ನು ಪೂರ್ತಿ ಓದಬೇಕು.

ಸುರಪುರ ಕಡೆ ನಮ್ಮ ಕಾಕಾನ ಹೊಲ. ಗುಡ್ಡದ ಬದಿಯ ಬಿಳಿಜೋಳ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಬಂದ ಮೇಲೆ, ತೆನೆ ಹಸಿಗಾಳು ತುಂಬಿ ಸೀತನಿಗೆ ಬರುವ ಹೊತ್ತಿಗೆ ಸರಿಯಾಗಿ ಹಂದಿಯ ಹಿಂಡು ನುಗ್ಗಿತು. ತಿನ್ನುವುದಕ್ಕಿಂತ ಮುರಿದು ಕೆಡವಿದ್ದೇ ಹೆಚ್ಚು. ಒಂದು ದಿನ ಕಾಕಾ ನನ್ನ ಅಂಗಡಿಗೆ ಬಂದು ಕೂತ.

"ತಮ್ಮಾ, ನಿನ್ನ ಮಷೀನಿನ ಮ್ಯಾಗ ಒಂದು ಬಂದೂಕು ಆಗಂಗಿಲ್ಲೇನು? ಹಂದಿ ಸಾಯೋದು ಬ್ಯಾಡ, ಸಪ್ಪಳಕ್ಕ ಓಡಿ ಹೋದ್ರ ಸಾಕು."

ಆಗ ನಾನು ರಾತ್ರಿಯೆಲ್ಲ ಅಮೆರಿಕದವರ ವಿಡಿಯೋ ನೋಡುತ್ತಿದ್ದೆ. ನಳಿಗೆಯ (ಗುಂಡು ಹೊರಬರುವ ಕೊಳವೆಯ) ಬಾಯಿಯಿಂದ ಸಿಡಿಮದ್ದು ತುಂಬುವ ಹಳೇ ಕಾಲದ ಬಂದೂಕನ್ನು ಮನೆಯ ಶೆಡ್ಡಿನಲ್ಲೇ ಮಾಡುತ್ತಾರೆ, ಹಿಡಿಕೆಯ ಮರವನ್ನು ಉಳಿಯಿಂದ ಕೆತ್ತುತ್ತಾರೆ. ನೋಡಲು ಬಹಳ ಚಂದ. ಅಲ್ಲಿಯ ಕೇಂದ್ರ ಕಾನೂನು ಇಂಥ ಎಷ್ಟೋ ಬಂದೂಕನ್ನು ಬಂದೂಕು ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಳಿಗೆಯನ್ನಂತೂ ಬಹುತೇಕ ಜನ ಅದನ್ನೇ ಕಸುಬು ಮಾಡಿಕೊಂಡವರಿಂದ ಕೊಂಡು ತರುತ್ತಾರೆ. ಇವೆರಡೂ ಸಂಗತಿ ನನಗೆ ಆಮೇಲೆ ತಿಳಿದವು. ನಾನು ಹಚ್ಚಿದ್ದು ಅಂಗಡಿಯಲ್ಲಿ ಬಿದ್ದಿದ್ದ ಪೈಪು.

ಹೇಗೆ ಮಾಡಿದೆ ಅಂತ ಒಂದು ಸಾಲೂ ಬರೆಯುವುದಿಲ್ಲ. ಹೇಗೆ ಒಡೆಯಿತು ಅಂತ ಬರೆಯುತ್ತೇನೆ.

ಮೊದಲ ಮೂರು ಸಲ ಸರಿಯಾಗಿಯೇ ಹಾರಿತು. ನಮ್ಮನ್ನು ಹಾಳು ಮಾಡಿದ್ದು ಆ ಮೂರು ಸಲ. ಪ್ರತಿ ಸಲವೂ ನಳಿಗೆ ಒರೆಸಿ, ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿದ್ದೆ. ಕೂದಲೆಳೆಯಷ್ಟೂ ಗೀರಿಲ್ಲ. ನಾಲ್ಕನೆಯ ಸಲ ಕಾಕಾ ಒಬ್ಬನೇ ತುಂಬಿದ. ಕತ್ತಲು, ಚಳಿ, ಅವಸರ. ಮದ್ದಿನ ಮೇಲೆ ಗುಂಡು ಗಟ್ಟಿ ಕೂತಿತ್ತೋ, ನಡುವೆ ಜಾಗ ಉಳಿದಿತ್ತೋ, ಅವನಿಗೂ ನೆನಪಿಲ್ಲ. ಹಾಗೆ ಜಾಗ ಉಳಿದರೆ ಗಟ್ಟಿ ನಳಿಗೆಯೂ ಸೀಳುತ್ತದೆ. ಸಪ್ಪಳ ಕೇಳಿ ನಾನು ಕಾವಲಿನ ಮಂಚಿಗೆಯಿಂದ ಇಳಿದು ಓಡಿದೆ. ಎಡಗೈಯ ಮೂರು ಬೆರಳು ಇರಲಿಲ್ಲ. ಎಡಗಣ್ಣಿನ ಕೆಳಗೆ ಕಬ್ಬಿಣದ ಚೂರು ನೆಟ್ಟಿತ್ತು.

ಧೋತರ ಹರಿದು ಕೈ ಕಟ್ಟಿ 108ಕ್ಕೆ ಫೋನ್ ಮಾಡಿದೆ. ದವಾಖಾನೆಯಲ್ಲಿ ಹೆದರಿಕೊಂಡು, ಪಟಾಕಿ ಸಿಡಿಯಿತು ಅಂದೆ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಪಟಾಕಿ ಅಂದರೆ ಡಾಕ್ಟರು ಸುಟ್ಟ ಗಾಯ ನೋಡುತ್ತಾರೆ, ಒಳಗೆ ಕಬ್ಬಿಣ ಹುಡುಕುವುದಿಲ್ಲ. ಎಕ್ಸ್‌ರೇ ಬಂದ ಮೇಲೆ ನಾನೇ ನಿಜ ಹೇಳಿದೆ. ಇಂಥ ಗಾಯ ಬಂದರೆ ದವಾಖಾನೆಯವರು ಪೊಲೀಸರಿಗೆ ತಿಳಿಸಲೇಬೇಕು, ಅದು ಹೇಗೂ ತಪ್ಪುವುದಿಲ್ಲ. ಮುಚ್ಚಿಟ್ಟದ್ದಕ್ಕೆ ಹೋದದ್ದು ಕಾಕಾನ ಎರಡು ತಾಸು.

ಮರುದಿನ ಹೊಲದಲ್ಲಿ ಪಂಚನಾಮೆ. ಒಡೆದ ಪೈಪನ್ನು ಆಗ ಹಗಲಿನಲ್ಲಿ ನೋಡಿದೆ. ಹರಿದ ಅಂಚಿಗೆ ಎರಡು ಬಣ್ಣ. ಹೊರಮೈ ಕಡೆಯ ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು, ಅದು ರಾತ್ರಿ ಹರಿದ ಕಬ್ಬಿಣ. ಒಳಮೈ ಕಡೆಯ ಅರ್ಧ ಕಪ್ಪು, ಅಲ್ಲಿ ಮದ್ದಿನ ಮಸಿ ಕೂತಿತ್ತು. ಅಂದರೆ ಬಿರುಕು ಮೊದಲೇ ಬಿಟ್ಟಿತ್ತು. ಒಳಗಿನಿಂದ ಹುಟ್ಟಿ, ಒಂದೊಂದು ಸಲ ಹಾರಿಸಿದಾಗಲೂ ಇಷ್ಟಿಷ್ಟೇ ಹೊರಗೆ ನಡೆದು ಬಂದಿತ್ತು. ನಾನು ಬೆರಳಾಡಿಸಿ ನೋಡಿದ್ದು ಹೊರಮೈಯನ್ನು. ಮುರಿದ ಶಾಫ್ಟುಗಳಲ್ಲಿ ಈ ಎರಡು ಬಣ್ಣವನ್ನು ನೂರಾರು ಸಲ ಕಂಡು ಗಿರಾಕಿಗಳಿಗೆ ತೋರಿಸಿಕೊಟ್ಟವನು ನಾನು. ನೀರಿನ ಪೈಪು ತಡೆಯುವ ಒತ್ತಡವೇ ಬೇರೆ, ಮದ್ದು ಒಂದು ಕ್ಷಣದಲ್ಲಿ ಎಬ್ಬಿಸುವ ಒತ್ತಡವೇ ಬೇರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಳಿಗೆ ಪರೀಕ್ಷಿಸಿ ಮುದ್ರೆ ಒತ್ತಲೆಂದೇ 1813ರಲ್ಲಿ ಕಾಯ್ದೆ ಮಾಡಿ ಒಂದು ಸಂಸ್ಥೆ ಕಟ್ಟಿದರು. ತಲೆಮಾರುಗಳಿಂದ ಅದೇ ಕೆಲಸ ಮಾಡಿದವರ ನಳಿಗೆಯನ್ನೂ ಅವರು ಹಾಗೆಯೇ ನಂಬಲಿಲ್ಲ.

ಇನ್ನು ಕಾನೂನು. "ಹಳೇ ಮಾದರಿ, ಮದ್ದು ತುಂಬುವುದು, ಲೈಸೆನ್ಸ್ ಬೇಡ" ಅಂತ ನಮ್ಮ ಕಡೆ ಹೇಳುವವರಿದ್ದಾರೆ. ಸುಳ್ಳು. ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕು, ಮಾಡಲು ಬೇರೆಯೇ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ವಿನಾಯಿತಿ ಇದೆ, ಅದು ಅವರಿಗೆ ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದ ಮೇಲೆ, ಪರವಾನಗಿ ಇಲ್ಲದೆ ಬಂದೂಕು ತಯಾರಿಸಿದರೆ 7 ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆ, ಜೀವಾವಧಿವರೆಗೂ ಹೋಗಬಹುದು. ಮದ್ದಿಗೆ ಸ್ಫೋಟಕ ಕಾಯ್ದೆ ಬೇರೆ. ಗುಂಡು ಹಂದಿಗೆ ತಗುಲಿದರೆ ವನ್ಯಜೀವಿ ಕಾಯ್ದೆ ಅದರ ಮೇಲೆ. ನಮ್ಮ ಕಡೆಯ ಬಯಲಿನಲ್ಲಿ ಕೃಷ್ಣಮೃಗ ಓಡಾಡುತ್ತವೆ. ಕತ್ತಲಲ್ಲಿ ಹಾರಿಸಿದ ಗುಂಡಿಗೆ ಹಂದಿ ಯಾವುದು, ಜಿಂಕೆ ಯಾವುದು, ಮಲಗಿದ ಮನುಷ್ಯ ಯಾರು?

ಹಂದಿಯ ಕಾಟ ಸುಳ್ಳಲ್ಲ, ನಾನು ಬಲ್ಲೆ. ಬೆಳೆ ಹಾಳಾದರೆ ಅದೇ ದಿನ ಫೋಟೋ ತೆಗೆದು, ಪಹಣಿ ಹಚ್ಚಿ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಬರುವ ಪರಿಹಾರ ಸಾಲುವುದಿಲ್ಲ, ಆದರೂ ಕೊಡಿ. ಸೋಲಾರ್ ಬೇಲಿಗೆ ನಾಲ್ಕು ಹೊಲದವರು ಕೂಡಿದರೆ ಖರ್ಚು ಹಗುರ. ಬೇಲಿಗೆ ಲೈನಿನ ಕರೆಂಟು ಮಾತ್ರ ಕೊಡಬೇಡಿ, ಅದಕ್ಕೆ ಮನುಷ್ಯರೇ ಸಾಯುತ್ತಾರೆ. ಅಜ್ಜನ ಕಾಲದ ಬಂದೂಕು ಅಟ್ಟದ ಮೇಲಿದ್ದರೆ ತಿಕ್ಕಿ ಹಾರಿಸಲು ಹೋಗಬೇಡಿ. ಮೊದಲು ವಕೀಲರನ್ನು ಕಂಡು, ಠಾಣೆಗೆ ಒಪ್ಪಿಸಿ.

ಕಾಕಾನ ಕಣ್ಣು ಉಳಿಯಿತು. ನಮ್ಮ ಕಾಕು, ಅವನ ಹೆಂಡತಿ, ಈಗ ದಿನಾಲೂ ಅವನ ಅಂಗಿಯ ಗುಂಡಿ ಹಾಕಿಕೊಡುತ್ತಾಳೆ. ಇವತ್ತಿನವರೆಗೂ ಅವನು ನನಗೆ ಒಂದು ಮಾತೂ ಅಂದಿಲ್ಲ.

ನಾನು ಗೆಳೆಯನ ವರ್ಕ್‌ಶಾಪಿನಲ್ಲಿ ಕೂಲಿಗೆ ನಿಂತಿದ್ದೇನೆ. ಕಾಕಾನ ಕೈಯ ಫೋಟೋ ಫೋನಿನಲ್ಲಿದೆ, ಇಟ್ಟುಕೋ ಅಂತ ಅವನೇ ಹೇಳಿದ್ದು. ಹೋದ ತಿಂಗಳು ಇಬ್ಬರು ಹುಡುಗರು ಪೈಪು ಹಿಡಿದು ಬಂದಿದ್ದರು. ತೋರಿಸಿದೆ. ಪೈಪನ್ನು ಅಲ್ಲಿಯೇ ಬಿಟ್ಟು ಹೋದರು.