ಕೆರೆ ಒತ್ತುವರಿ ಅಧ್ಯಯನಕ್ಕೆ ದಿಶಾಂಕ್ ಆ್ಯಪ್: ಗೆರೆಯನ್ನು ಎಲ್ಲಿಯವರೆಗೆ ನಂಬಬಹುದು?

ಕೋಲಾರ ಜಿಲ್ಲೆಯ ಕೆರೆಗಳ ಮೇಲೆ ಪ್ರಬಂಧ ಬರೆಯಲು ಹೊರಟವರಿಗೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಮೊಬೈಲ್ ಆ್ಯಪ್ ಆದ ದಿಶಾಂಕ್‌ಗಿಂತ ಒಳ್ಳೆಯ ಮೊದಲ ಸಾಧನವಿಲ್ಲ. ಆದರೆ ಅದನ್ನೇ ಕೊನೆಯ ಸಾಕ್ಷಿ ಮಾಡಿಕೊಂಡ ಪ್ರಬಂಧ ತಾಲ್ಲೂಕು ಸರ್ವೆಯರ್ ಮುಂದೆ ಐದು ನಿಮಿಷ ನಿಲ್ಲುವುದಿಲ್ಲ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ (ಕೆ.ಸಿ.) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಬಂದ ಮೇಲೆ ಬೆಂಗಳೂರಿನ ಸಂಶೋಧಕರ ಕಣ್ಣು ಈ ಕಡೆ ತಿರುಗಿದೆ. ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ), ಅದರ ನೆರೆಯ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆಗಳಲ್ಲಿ ಸಾರ್ವಜನಿಕ ನೀತಿ ಓದುತ್ತಿರುವವರು ಕ್ಷೇತ್ರಕ್ಕೆ ಇಳಿಯುವ ಮುನ್ನ ಈ ಆ್ಯಪಿನ ಬಲ, ದೌರ್ಬಲ್ಯ ಎರಡನ್ನೂ ತಿಳಿದಿರಬೇಕು. ಐದಕ್ಕೆ ಮೂರೂವರೆ ಅಂಕ ಕೊಡಬಹುದು.

ಇದನ್ನು ರೂಪಿಸಿದ್ದು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ. ಬಳಕೆ ಉಚಿತ, ಕನ್ನಡದಲ್ಲೇ ಇದೆ. ಲೊಕೇಶನ್ ಆನ್ ಮಾಡಿ, ಬಯಲಲ್ಲಿ ನಿಂತು ಒಂದೆರಡು ನಿಮಿಷ ಕಾಯಬೇಕು. ಚುಕ್ಕಿ ಅಲುಗಾಡುವುದು ನಿಂತ ಮೇಲೆ ಮುಟ್ಟಿದರೆ ಗ್ರಾಮ, ಹೋಬಳಿ, ಸರ್ವೆ ನಂಬರ್ ಬರುತ್ತವೆ. ಹೆಚ್ಚಿನ ವಿವರಕ್ಕೆ ಹೋಗಿ ಸರ್ನೋಕ್ (ಸರ್ವೆ ನಂಬರಿಗೆ ಹತ್ತಿದ ಉಪಗುರುತು) ಮತ್ತು ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು) ಆಯ್ದರೆ ಮಾಲೀಕರ ಹೆಸರು, ವಿಸ್ತೀರ್ಣ ತೆರೆದುಕೊಳ್ಳುತ್ತವೆ. ಸರ್ನೋಕ್ ಜಾಗದಲ್ಲಿ ಬಹುಪಾಲು ನಕ್ಷತ್ರ ಚಿಹ್ನೆಯೇ ಇರುತ್ತದೆ. ಅದನ್ನು ಖಾಲಿ ಬಿಟ್ಟು, ದಾಖಲೆ ಬರಲಿಲ್ಲ ಎಂದು ಹಲವರು ಕೈಬಿಡುತ್ತಾರೆ. ಸರ್ವೆ ನಂಬರ್ ಗೊತ್ತಿದ್ದರೆ ಮನೆಯಲ್ಲೇ ಕೂತು ಹುಡುಕಬಹುದು. ಉದ್ದ, ವಿಸ್ತೀರ್ಣ ಅಳೆಯುವ ಸಾಧನವೂ ಇದೆ. ಇಂಟರ್ನೆಟ್ ಇಲ್ಲದೆ ಏನೂ ನಡೆಯದು.

ತೊಂದರೆ ಇರುವುದು ಗೆರೆಯಲ್ಲಿ. ಹಿನ್ನೆಲೆಯಲ್ಲಿರುವುದು ಹಳೆಯ ಗ್ರಾಮ ನಕಾಶೆ. ಮೈಲಿಗೆ ಎಂಟು ಇಂಚು, ಅಂದರೆ 1:7920 ಅಳತೆಯಲ್ಲಿ ಬರೆದದ್ದು. ಆ ಕಾಗದದ ಮೇಲಿನ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್. ಇದರ ಮೇಲೆ ಮೊಬೈಲ್ ಜಿಪಿಎಸ್‌ನ ತಪ್ಪು ಸೇರುತ್ತದೆ. ಬಯಲಲ್ಲಿ ಅದು 5 ಮೀಟರ್ ಆಸುಪಾಸು, ಶ್ರೀನಿವಾಸಪುರದ ಮಾವಿನ ತೋಪಿನ ಒಳಗೆ ಇನ್ನೂ ಹೆಚ್ಚು. ಕೆರೆಯಂಗಳದ ಅಂಚಿನಲ್ಲಿ 100 ಮೀಟರ್ ಉದ್ದಕ್ಕೆ 5 ಮೀಟರ್ ವ್ಯತ್ಯಾಸವಾದರೆ ಸುಮಾರು 5 ಗುಂಟೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರ ಅಡಿ. ಸಣ್ಣ ರೈತನಿಗೆ ಐದು ಗುಂಟೆ ಸಣ್ಣ ಮಾತಲ್ಲ. ಆ ಅಗಲದ ಪಟ್ಟಿಯನ್ನು ಪರದೆಯ ಮೇಲೆ ನೋಡಿ ‘ಒತ್ತುವರಿ’ ಎಂದು ಬರೆಯುವುದು ಅನ್ಯಾಯ.

ಇನ್ನೊಂದು ತಪ್ಪು ಹಳ್ಳಿಗಳ ಗಡಿಯಲ್ಲಿ. ಒಂದೊಂದು ಗ್ರಾಮದ ನಕಾಶೆಯನ್ನೂ ಬೇರೆ ಬೇರೆಯಾಗಿ ಉಪಗ್ರಹ ಚಿತ್ರಕ್ಕೆ ಹೊಂದಿಸಬೇಕಾಗುವುದರಿಂದ, ಎರಡು ನಕಾಶೆ ಕೂಡುವಲ್ಲಿ ಗೆರೆಗಳು ಒಂದರ ಮೇಲೊಂದು ಹತ್ತಿರುತ್ತವೆ, ಇಲ್ಲವೇ ನಡುವೆ ಸಂದು ಬಿಟ್ಟಿರುತ್ತದೆ. ನಮ್ಮ ಭಾಗದಲ್ಲಿ ಒಂದು ಕೆರೆಯ ಅಂಗಳ ಒಂದು ಊರಲ್ಲಿ, ಏರಿ ಇನ್ನೊಂದು ಊರಲ್ಲಿ, ಕೋಡಿ ಮತ್ತೊಂದರಲ್ಲಿ ಇರುವುದುಂಟು. ಒಂದೇ ಸರ್ವೆ ನಂಬರಿನ ವಿಸ್ತೀರ್ಣ ಹಿಡಿದು ಕೆರೆ ಚಿಕ್ಕದಾಗಿದೆ ಎನ್ನುವ ಲೆಕ್ಕ ಇಲ್ಲೇ ಕೆಡುತ್ತದೆ. ಎಲ್ಲ ಊರುಗಳ ಸರ್ವೆ ನಂಬರ್‌ಗಳನ್ನೂ ಮೊದಲು ಪಟ್ಟಿ ಮಾಡಿ ಕೂಡಬೇಕು.

ಪಹಣಿ ಓದುವಾಗ ಖರಾಬಿನ, ಅಂದರೆ ಸಾಗುವಳಿ ಲೆಕ್ಕಕ್ಕೆ ಸೇರದ ಜಾಗದ, ಕಡೆ ಗಮನವಿರಲಿ. ‘ಅ’ ಖರಾಬು ಹಿಡುವಳಿಯೊಳಗೇ ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಬಳಕೆಯದು. ರಾಜಕಾಲುವೆ ಖಾಸಗಿ ಸರ್ವೆ ನಂಬರಿನ ಮಧ್ಯೆ ಹಾದಿದ್ದರೆ ಅದರ ಸುಳಿವು ಸಿಗುವುದು ಈ ‘ಬ’ ಖರಾಬಿನಲ್ಲಿ. ಮಾಲೀಕರ ಹೆಸರಿರುವ 9ನೇ ಕಾಲಂ ಮಾತ್ರ ನೋಡಿ ಮುಚ್ಚಿದರೆ 3ನೇ ಕಾಲಮ್ಮಿನಲ್ಲಿರುವ ಇದು ತಪ್ಪಿಹೋಗುತ್ತದೆ. ಮೂಲ ಸರ್ವೆಯ ನಂತರ ಪಾಲಾದ ಹಿಸ್ಸಾಗಳ ಗಡಿಯನ್ನು ಗ್ರಾಮ ನಕಾಶೆಯಲ್ಲಿ ಹುಡುಕಬೇಡಿ, ಅವು ಪೋಡಿ (ಪಾಲುಗಳನ್ನು ಅಳೆದು ಬೇರೆ ಮಾಡುವುದು) ನಕ್ಷೆಗಳಲ್ಲಿರುತ್ತವೆ. ಪೋಡಿಯೇ ಆಗದಿದ್ದರೆ ಯಾವ ಪಾಲು ಯಾರದೆಂದು ಯಾವ ಆ್ಯಪೂ ಹೇಳಲಾರದು.

ಉಪಗ್ರಹ ಚಿತ್ರ ತೆಗೆದ ಕಾಲ ತಿಳಿಯದೆ ನೀರಿನ ಹರವನ್ನು ಅಳೆಯಬೇಡಿ. 2018ಕ್ಕೆ ಮುಂಚಿನ ಜಾಲಿ ಬೆಳೆದ ಅಂಗಳವೂ ಇಂದಿನ ತುಂಬಿದ ಕೆರೆಯೂ ಚಿತ್ರದಲ್ಲಿ ಎರಡು ಬೇರೆ ಕೆರೆಗಳಂತೆ ಕಾಣುತ್ತವೆ.

ಹಾಗಾದರೆ ಸರಿಯಾದ ಕ್ರಮ? ದಿಶಾಂಕ್‌ನಲ್ಲಿ ಅನುಮಾನದ ಜಾಗ ಗುರುತಿಸಿ. ಭೂಮಾಪನ ಇಲಾಖೆಯ ತಾಣದಿಂದ ಗ್ರಾಮ ನಕಾಶೆ ಇಳಿಸಿಕೊಳ್ಳಿ. ತಾಲ್ಲೂಕು ಭೂಮಾಪನ ಕಚೇರಿಯಲ್ಲಿ ಟಿಪ್ಪಣಿ (ಮೂಲ ಸರ್ವೆಯ ಅಳತೆ ನಕ್ಷೆ) ಮತ್ತು ಆಕಾರಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣ, ಕಂದಾಯದ ದಾಖಲೆ) ಪ್ರತಿ ಪಡೆಯಿರಿ. ಆಕಾರಬಂದಿನ ವಿಸ್ತೀರ್ಣಕ್ಕೂ ಪಹಣಿಗೂ ತಾಳೆಯಾಗದಿದ್ದರೆ ನಿಮ್ಮ ಪ್ರಬಂಧದ ನಿಜವಾದ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಗಡಿಯ ತೀರ್ಮಾನ ಮಾತ್ರ ಹದ್ದುಬಸ್ತು ಸರ್ವೆಯದು, ಅಂದರೆ ಸರ್ವೆಯರ್ ಸ್ಥಳದಲ್ಲೇ ಅಳೆದು ಗಡಿ ಗುರುತಿಸುವ ಸರ್ವೆಯದು. ವರದಿಯಲ್ಲಿ ಪರದೆ ಚಿತ್ರ ಹಾಕುವುದಾದರೆ ಕೆಳಗೆ ದಿನಾಂಕ, ಗ್ರಾಮ, ಸರ್ವೆ ನಂಬರ್, ಆ ಕ್ಷಣದ ಜಿಪಿಎಸ್ ನಿಖರತೆ ಎಷ್ಟು ಮೀಟರ್ ಎಂಬುದನ್ನು ಬರೆಯಿರಿ. ಜಮೀನಿನವರ ಹೆಸರನ್ನು ಮುಚ್ಚಿ.